ಗೂಡಿನ ಮುಕ್ಕಾಲು ಪಾಲು: ರೇಷ್ಮೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರೇಷ್ಮೆ ಸಚಿವರಿಗೆ,

ಮಳವಳ್ಳಿ ತಾಲ್ಲೂಕಿನ ರೇಷ್ಮೆ ಬೆಳೆಗಾರ್ತಿಯೊಬ್ಬಳ ನಮಸ್ಕಾರ. ಪತ್ರ ನಿಮಗೇ. ಆದರೆ ನನ್ನ ಹಾಗೆ ಹುಳು ಸಾಕುವವರು, ನೂಲು ಬಿಚ್ಚುವವರು, ಕೋಳಿ ಸಾಕುವವರು ಕೂಡ ಓದಲಿ ಅಂತ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಹೋದ ಬೆಳೆಯಲ್ಲಿ ನಾವು ನೂರು ಮೊಟ್ಟೆ ಮೇಯಿಸಿದೆವು. (ರೇಷ್ಮೆ ಗೊತ್ತಿಲ್ಲದವರಿಗೆ ಹೇಳಬೇಕು: ನಮ್ಮಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಪೂರಾ ಗುಂಪು. ಅದರಿಂದ ನಾನೂರು-ಐನೂರು ಹುಳು ಬರುತ್ತವೆ.) ಬೈವೋಲ್ಟೀನ್ ಅನ್ನುವ ತಳಿಯ ಗೂಡು ಎಪ್ಪತ್ತು ಕಿಲೋ ಬಂತು. ರಾಮನಗರದ ಮಾರುಕಟ್ಟೆಗೆ ಒಯ್ದೆವು. ಹರಾಜಾಯಿತು, ದುಡ್ಡು ಬಂತು. ಇಲ್ಲಿವರೆಗೆ ತಕರಾರಿಲ್ಲ. ಮನೆಗೆ ಬಂದ ಮೇಲೆ ನನ್ನ ಮಗ ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟುವ ತಟ್ಟಿ) ಮಿಕ್ಕಿದ್ದ ಒಂದಿಷ್ಟು ಗೂಡು ತಗೊಂಡು ಬ್ಲೇಡಿನಲ್ಲಿ ಕತ್ತರಿಸಿದ. ಚಿಪ್ಪು ಒಂದು ತಟ್ಟೆಗೆ, ಒಳಗಿನ ಹುಳ ಇನ್ನೊಂದು ತಟ್ಟೆಗೆ ಹಾಕಿ, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ. ಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹುಳದ್ದೇ. ಮೂವತ್ತು ವರ್ಷ ಗೂಡು ಬಿಡಿಸಿದ ಕೈ ನನ್ನದು. ಒಂದು ಸಲವೂ ಹೀಗೆ ತೂಗಿ ನೋಡಬೇಕು ಅಂತ ಅನ್ನಿಸಿರಲಿಲ್ಲ.

ಅಂದರೆ ಎಪ್ಪತ್ತು ಕಿಲೋದಲ್ಲಿ ಐವತ್ತು ಕಿಲೋಗೂ ಮೀರಿ ಪ್ಯೂಪ, ಅಂದರೆ ಗೂಡಿನೊಳಗಿನ ಹುಳ. ಒಣಗಿಸಿದರೆ ನೀರೆಲ್ಲ ಹೋಗಿ ಹನ್ನೆರಡು-ಹದಿಮೂರು ಕಿಲೋ ಉಳಿಯುತ್ತದೆ. ಆ ಒಣ ಪ್ಯೂಪದಲ್ಲಿ ಅರ್ಧ ಭಾಗ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ ಪ್ರೋಟೀನು. ಕಾಲು ಭಾಗದಷ್ಟು ಎಣ್ಣೆ. ತೊಗರಿಬೇಳೆಯಲ್ಲಿ ಪ್ರೋಟೀನು ಇರುವುದು ನೂರಕ್ಕೆ ಇಪ್ಪತ್ತೆರಡರ ಆಸುಪಾಸು. ನಾವು ಸೊಪ್ಪು ಕೊಯ್ದು, ಸರಿರಾತ್ರಿಯಲ್ಲಿ ಎದ್ದು, ಹುಳುವನ್ನು ಕೊಲ್ಲುವ ಊಜಿ ನೊಣಕ್ಕೆ ಪರದೆ ಕಟ್ಟಿ, ಜ್ವರಕ್ಕೆ ಕೂತ (ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿದ) ಹುಳುವಿಗೆ ಸುಣ್ಣ ಹಾಕಿ ಬೆಳೆಸಿದ್ದು ಬಹುಪಾಲು ಮಾಂಸ. ಮಾರಿದ್ದು ಮಾತ್ರ ನೂಲು.

ಈಗ ಎಲ್ಲ ಕಡೆ "ಕೀಟ ಸಾಕಿ, ಪ್ರೋಟೀನು ಬೆಳೆಯಿರಿ, ಇದು ನಾಳೆಯ ವ್ಯಾಪಾರ" ಅನ್ನುವ ಮಾತು ಕೇಳುತ್ತಿದೆ. ಕೇಳಿದಾಗೆಲ್ಲ ನನಗೆ ನಗು ಬರುತ್ತದೆ. ಟಿಪ್ಪು ಕಾಲದಿಂದ ಈ ಸೀಮೆಯಲ್ಲಿ ಹುಳು ಸಾಕುತ್ತಿದ್ದೇವೆ. ನಮ್ಮ ಪಡಸಾಲೆಯಲ್ಲಿ ಮನುಷ್ಯರಿಗಿಂತ ಮೊದಲು ಹುಳುವಿಗೆ ಜಾಗ ಇತ್ತು. ಮದುವೆಯಾಗಿ ಬಂದ ವರ್ಷ ನಾನು ಮಲಗಿದ್ದು ತಟ್ಟೆಗಳ ಸ್ಟ್ಯಾಂಡಿನ ಪಕ್ಕದಲ್ಲಿ. ಐದನೇ ಹಂತದ ಹುಳು ಸೊಪ್ಪು ಮೇಯುವಾಗ ಮಳೆ ಹುಯ್ದ ಹಾಗೆ ಸದ್ದು ಬರುತ್ತದೆ, ಅದೇ ನನ್ನ ಜೋಗುಳ. ಕೀಟ ಸಾಕಣೆ ನಮಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಕಿದ ಕೀಟದ ಮುಕ್ಕಾಲು ಪಾಲನ್ನು ಏನು ಮಾಡಬೇಕು ಅನ್ನುವುದನ್ನು ಹೇಳಬೇಕು.

ಆ ಪ್ಯೂಪ ಎಲ್ಲಿಗೆ ಹೋಗುತ್ತದೆ ಅಂತ ನೋಡಲು ನೂಲು ಬಿಚ್ಚುವ ಪರಿಚಯದ ರೀಲರ್ ಒಬ್ಬರ ಘಟಕಕ್ಕೆ ಹೋಗಿದ್ದೆ. ಒಂದು ಕಿಲೋ ನೂಲು ಬಿಚ್ಚಲು ಆರೂವರೆ-ಏಳು ಕಿಲೋ ಒಳ್ಳೆ ಗೂಡು ಬೇಕು. ಹಾಗಾಗಿ ಒಂದೊಂದು ಕಿಲೋ ನೂಲಿನ ಹಿಂದೆ ಐದು ಕಿಲೋ ಹಸಿ ಪ್ಯೂಪ ಬೀಳುತ್ತದೆ. ಬಿಸಿನೀರಿನ ಬೋಗುಣಿಯಿಂದ ತೆಳು ಪೊರೆ ಸಮೇತ ಎತ್ತಿ ಹಿತ್ತಲಿಗೆ ಸುರಿದಿದ್ದರು. ನಾನು ಸೆರಗು ಮೂಗಿಗೆ ಹಿಡಿದೆ. ಅವರು ನಕ್ಕರು. "ಅಕ್ಕಾ, ಇದನ್ನ ಯಾರಾದ್ರೂ ಬೇಗ ಹೊತ್ಕೊಂಡು ಹೋದ್ರೆ ಸಾಕು ಅಂತೀವಿ ನಾವು. ರೇಟು ಮಾತಾಡೋಕೆ ಪುರುಸೊತ್ತೆಲ್ಲಿ? ನಿಂತಷ್ಟೂ ನಾತ." ಹೊತ್ತುಕೊಂಡು ಹೋಗುವವರು ಇದ್ದಾರೆ. ಎಣ್ಣೆ ತೆಗೆಯುವವರು, ಮೀನಿಗೆ, ಕೋಳಿಗೆ ಮೇವು ಮಾಡುವವರು. ಕೆಲವು ಕಡೆ ಗೊಬ್ಬರಕ್ಕೆ ಹೋಗುತ್ತದೆ. ಆದರೆ ಅದು ಕಸ ಸಾಗಿಸುವ ವ್ಯಾಪಾರದ ಹಾಗೆ ನಡೆಯುತ್ತದೆ, ಸರಕು ಮಾರುವ ವ್ಯಾಪಾರದ ಹಾಗಲ್ಲ. ಚೌಕಾಸಿಯಲ್ಲಿ ಗೆಲ್ಲುವವನು ನಾತವನ್ನು ಜಾಸ್ತಿ ಹೊತ್ತು ತಡೆದುಕೊಳ್ಳುವವನು.

ನಾನೂ ಎರಡು ಚೀಲ ತಂದೆ. ಮನೆಯಲ್ಲಿ ನಾಟಿಕೋಳಿ ಇವೆ, ಅವಕ್ಕೆ ಹಾಕೋಣ ಅಂತ. ಬಂದಾಗ ರಾತ್ರಿಯಾಗಿತ್ತು, ಬೆಳಿಗ್ಗೆ ಹರವಿದರಾಯಿತು ಅಂತ ಚೀಲವನ್ನು ಹಾಗೇ ಜಗಲಿಯಲ್ಲಿ ಬಿಟ್ಟೆ. ಅದೇ ತಪ್ಪು. ಬೆಳಿಗ್ಗೆ ಕೈ ಹಾಕಿದರೆ ಚೀಲ ಒಳಗೆ ಬೆಚ್ಚಗಾಗಿತ್ತು. ತಾರಸಿ ಮೇಲೆ ಹರವಿದೆ. ಊರಿನ ಕಾಗೆಗಳೆಲ್ಲ ಬಂದವು. ಅದಕ್ಕಿಂತ ಮೊದಲು ಊರಿನವರು ಬಂದರು, "ಏನಮ್ಮ ಸತ್ತಿರೋದು?" ಅಂತ ಕೇಳಿಕೊಂಡು. ಕೋಳಿಗಳು ಮಾತ್ರ ಖುಷಿಯಾಗಿ ತಿಂದವು. ಆದರೆ ಒಂದು ವಾರ ಬಿಟ್ಟು ಮೊಟ್ಟೆ ಕೊಂಡವರು, ಮೊಟ್ಟೆ ಮೀನು ಮೀನು ವಾಸನೆ ಬರುತ್ತದೆ ಅಂತ ವಾಪಸ್ ತಂದುಕೊಟ್ಟರು.

ಕಾರಣ ಆಮೇಲೆ ತಿಳಿಯಿತು. ಅಗಸೆ ಬೀಜದಲ್ಲಿ ಇರುವಂಥ ಒಮೆಗಾ-3 ಕೊಬ್ಬು ಪ್ಯೂಪದಲ್ಲಿ ಜಾಸ್ತಿ. ಅದು ಮೈಗೆ ಒಳ್ಳೆಯದು, ಆದರೆ ಗಾಳಿಗೆ ಬೇಗ ಕಮಟಾಗುತ್ತದೆ. ಬೋಗುಣಿಯಿಂದ ತೆಗೆದ ಕೆಲವೇ ಗಂಟೆಯಲ್ಲಿ ನೀರು ಆರಬೇಕು. ಈಗ ನಾವು ಬೆಳಿಗ್ಗೆ ಬೇಗ ಹೋಗಿ ಅವತ್ತಿನದ್ದೇ ತರುತ್ತೇವೆ. ತೆಳ್ಳಗೆ ಹರವಿ, ಮದುವೆಮನೆಯ ದೊಡ್ಡ ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ ಜೋಳದ ನುಚ್ಚಿಗೆ ಸ್ವಲ್ಪವೇ ಬೆರೆಸುತ್ತೇವೆ. ವಾಸನೆ ಹೋಯಿತು. ಮೊಟ್ಟೆ ವಾಪಸ್ ಬರುವುದೂ ನಿಂತಿತು. ಎಷ್ಟು ಬೆರೆಸಬೇಕು ಅನ್ನುವುದು ಮಾತ್ರ ಇನ್ನೂ ನಮ್ಮ ಅಂದಾಜೇ. ಒಂದು ಹಿಡಿಯೋ, ಎರಡು ಹಿಡಿಯೋ. ಒಂದು ಉದ್ಯಮ ಹಿಡಿಯ ಲೆಕ್ಕದಲ್ಲಿ ನಡೆಯುತ್ತದಾ ಸಾರ್?

ಸರಿ, ಇದನ್ನೇ ಸ್ವಲ್ಪ ದೊಡ್ಡದಾಗಿ ಮಾಡೋಣ ಅಂತ ನಾನೂ ಮಗನೂ ಕಚೇರಿಗಳಿಗೆ ಅಲೆದೆವು. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿದ್ದವರೆಲ್ಲ ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಒಂದು ಕಡೆ, "ಅಮ್ಮಾ, ನಮ್ದು ನೂಲು ತಂಕ. ಒಳಗಿನ ಹುಳ ನಮ್ಗೆ ಬರಲ್ಲ" ಅಂದರು. ಇನ್ನೊಂದು ಕಡೆ, "ಕೀಟ ಅಂದ್ರೆ ಸಾಯಿಸೋಕೆ ಔಷಧಿ ಬರ್ಕೊಡ್ತೀವಿ, ಸಾಕೋಕಲ್ಲ" ಅಂತ ನಕ್ಕರು. ಮೂರನೇ ಕಡೆ ಕೋಳಿ ಯೋಜನೆ ಇತ್ತು, ಕುರಿ ಯೋಜನೆ ಇತ್ತು, ಹಂದಿಯದ್ದೂ ಇತ್ತು, ಕೋಳಿಯ ಮೇವು ನಾವೇ ಮಾಡಿಕೊಳ್ಳುವುದಕ್ಕೆ ಇರಲಿಲ್ಲ. ಬ್ಯಾಂಕಿನಲ್ಲಿ ಮಗ ನೊಣದ ಹುಳು ಸಾಕುವುದಕ್ಕೂ ಸಾಲ ಕೇಳಿದ. ಆ ಕಥೆ ಮುಂದೆ ಹೇಳುತ್ತೇನೆ. ಮ್ಯಾನೇಜರು ಕನ್ನಡಕ ತೆಗೆದರು. "ಹಸುಗೆ ಸಾಲ ಕೊಟ್ರೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸ್ತೀವಿ. ನೊಣಕ್ಕೆ ಎಲ್ಲಪ್ಪ ಓಲೆ ಹಾಕಿಸ್ತೀಯ?" ಅಂದರು. ಅವರ ಪ್ರಶ್ನೆಯೂ ತಪ್ಪಲ್ಲ.

ನೊಣದ ಕಥೆ ಇದು. ಬ್ಲ್ಯಾಕ್ ಸೋಲ್ಜರ್ ಫ್ಲೈ ಅಂತ ಒಂದು ಕಪ್ಪು ನೊಣ. ಮನೆನೊಣದ ಹಾಗೆ ಊಟದ ಮೇಲೆ ಕೂರುವ ಜಾತಿಯಲ್ಲ, ಕಚ್ಚುವುದೂ ಇಲ್ಲ. ಅದರ ಮರಿಹುಳು ತರಕಾರಿ ಸಿಪ್ಪೆ, ಕೊಳೆತ ಹಣ್ಣು, ಹೋಟೆಲಿನ ಉಳಿಕೆ ಎಲ್ಲ ತಿಂದು ಎರಡು ವಾರದ ಆಸುಪಾಸಿನಲ್ಲಿ ಕೊಬ್ಬುತ್ತದೆ. ಒಣಗಿಸಿದರೆ ನೂರಕ್ಕೆ ನಲವತ್ತರ ಹತ್ತಿರ ಪ್ರೋಟೀನು. ಮಿಕ್ಕಿದ್ದು ಗೊಬ್ಬರ. ಇದನ್ನು ಸಾಕಲು ತರಬೇತಿ ಕೊಡುತ್ತೇವೆ, ಮೊಟ್ಟೆ ಕೊಡುತ್ತೇವೆ, ಬೆಳೆದ ಹುಳುವನ್ನು ನಾವೇ ಕೊಳ್ಳುತ್ತೇವೆ ಅಂತ ಒಂದು ಕಂಪನಿ ಬಂತು. ಹೆಸರು ಬೇಡ. ದುಡ್ಡು ಕಟ್ಟಿಸಿಕೊಂಡು ಒಂದು ಪ್ಲಾಸ್ಟಿಕ್ ಟ್ರೇ ಸೆಟ್ಟು, ಒಂದು ಸೊಳ್ಳೆಪರದೆ, ಒಂದು ಚೀಟಿ ಮೊಟ್ಟೆ ಕೊಟ್ಟರು. ಮೊದಲ ಕೊಯ್ಲು ಆದಾಗ ಫೋನು ಎತ್ತಿದರು. ಎರಡನೆಯದಕ್ಕೆ ಎತ್ತಲಿಲ್ಲ.

ತಪ್ಪು ನಮ್ಮದೂ ಇದೆ. ಈ ಹುಳು ಬಲಿತ ಮೇಲೆ ಒದ್ದೆ ಜಾಗ ಬಿಟ್ಟು ಒಣ ಜಾಗ ಹುಡುಕಿಕೊಂಡು ತಾನೇ ಹತ್ತಿ ಹೊರಗೆ ಬರುತ್ತದೆ. ಅದು ಅದರ ಗುಣ. ಬುದ್ಧಿವಂತರು ಅದಕ್ಕೆ ಒಂದು ಇಳಿಜಾರು ಮಾಡಿ ಬಕೆಟ್ ಇಟ್ಟು ಸುಮ್ನೆ ಕೂರುತ್ತಾರೆ, ಕೊಯ್ಲು ತಾನಾಗಿ ಆಗುತ್ತದೆ. ನಾವು ಡ್ರಮ್ಮಿನ ಅಂಚು ಒದ್ದೆಯಾಗಿಯೇ ಬಿಟ್ಟಿದ್ದೆವು. ಮಳೆ ಬಂದ ರಾತ್ರಿ ಇಡೀ ಡ್ರಮ್ಮು ಖಾಲಿ. ಬೆಳಿಗ್ಗೆ ಪಕ್ಕದ ಮನೆ ದೊಡ್ಡಮ್ಮನ ಕೂಗಿಗೆ ಬೀದಿ ಎದ್ದಿತು. ಅವರ ರಂಗೋಲಿ ಮೇಲೆ ಹುಳು ಮೆರವಣಿಗೆ ಹೊರಟಿದ್ದವು. ಇವತ್ತಿಗೂ ಆ ದೊಡ್ಡಮ್ಮ ನಮ್ಮನೆ ಮಜ್ಜಿಗೆ ಕುಡಿಯುವುದಿಲ್ಲ.

ಆ ಕಂಪನಿ ಮೇಲಿನ ಸಿಟ್ಟಿಗೆ ಈ ಕಾಗದ ಬರೆಯುತ್ತಿಲ್ಲ. ಈಮು ಕೋಳಿ ನೆನಪಿದೆಯಲ್ಲ ನಿಮಗೆ? ವೆನಿಲಾ? ಅಗರ್‌ವುಡ್? ಪ್ರತಿ ಸಲವೂ ಸಸಿಯನ್ನೋ ಮರಿಯನ್ನೋ ಮಾರಿದವರು ಉದ್ಧಾರವಾದರು, ಬೆಳೆದವರು ಕೂತರು. ಕೀಟ ಸಾಕಣೆಯೂ ಅದೇ ದಾರಿ ಹಿಡಿಯಬಾರದು. ಕೊಳ್ಳುವವರು ಯಾರು, ಯಾವ ಗುಣಮಟ್ಟಕ್ಕೆ, ಯಾವ ಕಾಯ್ದೆ ಕೆಳಗೆ ಅನ್ನುವುದು ಇಲ್ಲದೆ ರೈತರಿಗೆ ಟ್ರೇ ಮಾರುವವರನ್ನು ಮೊದಲು ತಡೆಯಿರಿ.

ದೇಶ ವಿದೇಶದ ಮಾತು ಬಂದರೆ ನಮ್ಮ ಮಗ ಓದಿದ್ದನ್ನು ನನಗೂ ಓದಿಸಿದ್ದಾನೆ. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಎಫ್‌ಎಒ, ಕೀಟ ತಿನ್ನುವ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಜಗತ್ತಿನಲ್ಲಿ 200 ಕೋಟಿ ಜನರ ಊಟದಲ್ಲಿ ಕೀಟ ಇದೆ, 1,900ಕ್ಕೂ ಹೆಚ್ಚು ಜಾತಿ ತಿನ್ನುತ್ತಾರೆ ಅಂತ ಅದರಲ್ಲಿದೆ. ಅದೇ ವರ್ಷದ ಇನ್ನೊಂದು ವರದಿ ನನಗೆ ಇನ್ನೂ ಹಿಡಿಸಿತು. ಥಾಯ್ಲೆಂಡಿನಲ್ಲಿ ರಾತ್ರಿ ಕಿರ್ ಕಿರ್ ಅನ್ನುವ ಕ್ರಿಕೆಟ್ ಹುಳುವನ್ನು ಸುಮಾರು 20,000 ರೈತರು ಸಾಕುತ್ತಾರಂತೆ. ಬಹುಪಾಲು ನಮ್ಮಂಥವರೇ. ಮನೆ ಹಿತ್ತಲಿನಲ್ಲಿ ಸಿಮೆಂಟಿನ ತೊಟ್ಟಿ, ಅದರಲ್ಲಿ ಕೋಳಿಮೊಟ್ಟೆ ಜೋಡಿಸುವಂಥ ರಟ್ಟಿನ ಟ್ರೇ. ಯುರೋಪು 2017ರಲ್ಲಿ ಮೀನಿನ ಮೇವಿಗೆ ಕೀಟದ ಪ್ರೋಟೀನು ಒಪ್ಪಿತು, 2021ರಲ್ಲಿ ಕೋಳಿ ಮತ್ತು ಹಂದಿಯ ಮೇವಿಗೂ ಒಪ್ಪಿತು. ಅದೇ 2021ರಲ್ಲಿ ಹಳದಿ ಮೀಲ್‌ವರ್ಮ್ ಅನ್ನುವ ಹುಳುವನ್ನು ಮನುಷ್ಯರ ಊಟಕ್ಕೂ ಸೇರಿಸಿತು. ಸಿಂಗಪುರ 2024ರ ಜುಲೈನಲ್ಲಿ 16 ಜಾತಿಗೆ ಒಪ್ಪಿಗೆ ಕೊಟ್ಟಿತು. ಆ ಹದಿನಾರರಲ್ಲಿ ನಮ್ಮ ರೇಷ್ಮೆ ಹುಳುವೂ ಇದೆ. ಕೊರಿಯಾದಲ್ಲಿ ಬೇಯಿಸಿದ ಪ್ಯೂಪವನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಯಲ್ಲಿ ಮಾರುತ್ತಾರೆ. ದೂರ ಯಾಕೆ, ಅಸ್ಸಾಮಿನಲ್ಲಿ ಎರಿ ರೇಷ್ಮೆ ಸಾಕುವವರು ಹುಳುವನ್ನು ಊಟಕ್ಕೆ ಮಾರುತ್ತಾರೆ. ಅಲ್ಲಿ ನೂಲಿನ ಜೊತೆ ಹುಳವೂ ಬೆಳೆ.

ಹಾಗಂತ ಎಲ್ಲ ಕಡೆ ಹೊಳೆಯುತ್ತಿಲ್ಲ. ಫ್ರಾನ್ಸಿನಲ್ಲಿ ಇನ್‌ಸೆಕ್ಟ್ ಅಂತ ಒಂದು ಕಂಪನಿ 2011ರಲ್ಲಿ ಶುರುವಾಯಿತು. 50 ಕೋಟಿ ಡಾಲರ್‌ಗೂ ಮೀರಿ ಬಂಡವಾಳ ಎತ್ತಿ, ಮೀಲ್‌ವರ್ಮ್ ಬೆಳೆಸಲು ಆಕಾಶದೆತ್ತರದ ಕಾರ್ಖಾನೆ ಕಟ್ಟಿತು. 2024ರಲ್ಲಿ ಸಾಲ ತೀರಿಸಲಾಗದೆ ರಕ್ಷಣೆ ಬೇಡಿ ನ್ಯಾಯಾಲಯದ ಬಾಗಿಲಿಗೆ ಹೋಯಿತು. ನನಗೆ ಕಾಣುವ ಕಾರಣ ಸರಳ. ಗೋಧಿ ಹೊಟ್ಟನ್ನು ದುಡ್ಡು ಕೊಟ್ಟು ತಂದು, ಕರೆಂಟು ಉರಿಸಿ ಬೆಚ್ಚಗಿಟ್ಟು, ಹುಳು ಬೆಳೆಸಿ, ಆಮೇಲೆ ಅದನ್ನು ಸೋಯಾ ಹಿಂಡಿ ಜೊತೆ ಪೈಪೋಟಿಗೆ ನಿಲ್ಲಿಸಿದರೆ ಹುಳು ಸೋಲುತ್ತದೆ. ಹಿಪ್ಪುನೇರಳೆ ಸೊಪ್ಪು ಹಾಕಿ ಬರೀ ಪ್ಯೂಪಕ್ಕೋಸ್ಕರ ರೇಷ್ಮೆ ಹುಳು ಸಾಕಿ ಅಂತ ನೀವು ಹೇಳಿದರೆ ನಾನೂ ಒಪ್ಪುವುದಿಲ್ಲ. ಸೊಪ್ಪಿನ ಕೂಲಿಯೂ ಹುಟ್ಟುವುದಿಲ್ಲ. ಹುಳುವಿನ ವ್ಯಾಪಾರ ಕಾಲೂರಿ ಉಳಿಯುವುದು ಅದರ ಊಟ ಪುಕ್ಕಟೆ ಸಿಕ್ಕಾಗ, ಇಲ್ಲವೇ ಹುಳುವೇ ಪುಕ್ಕಟೆ ಸಿಕ್ಕಾಗ. ನಮ್ಮಲ್ಲಿ ಎರಡೂ ಇವೆ. ಪ್ಯೂಪ ಹೇಗೂ ಇದೆ. ಇನ್ನು ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಯಲ್ಲಿ ಟೊಮೆಟೊ ರೇಟು ಬಿದ್ದ ದಿನ ಹೋಗಿ ನೋಡಿ, ನೊಣದ ಹುಳುವಿಗೆ ಹಬ್ಬದೂಟ.

ಈಗ ತಿನ್ನುವ ಮಾತು. ಇಲ್ಲಿ ಬಂದಾಗ ಎಲ್ಲರೂ ಮುಖ ಸಿಂಡರಿಸುತ್ತಾರೆ. ನನ್ನ ಸ್ವಂತ ತಂಗಿ ಮೈಸೂರಿನಿಂದ ಫೋನು ಮಾಡಿ, "ಅಕ್ಕಾ, ಹುಳ ತಿನ್ನೋ ಗತಿ ಬಂತಾ ನಿಮ್ಗೆ?" ಅಂದಳು. ಇವಳೇ ಚಿಕ್ಕವಳಿದ್ದಾಗ ಮುಂಗಾರಿನ ಮೊದಲ ಮಳೆ ಆದ ಸಂಜೆ, ಹುತ್ತದ ಮುಂದೆ ದೀಪ ಇಟ್ಟು ಅಜ್ಜಿ ಹಿಡಿದ ಈಸಲು ಹುಳವನ್ನು ಬಾಣಲೆಯಿಂದಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದವಳು. ರೆಕ್ಕೆ ಕೇರಿ ತೆಗೆದು, ಉಪ್ಪು ಹಾಕಿ ಹುರಿದು, ಪುರಿ ಜೊತೆ ಕಲಸಿದರೆ ಕಡ್ಲೆಬೀಜದ ರುಚಿ. ಮಂಡ್ಯದ ಗದ್ದೆ ಬಯಲಿನಲ್ಲಿ ಏಡಿ ಸಾರು ಬೇಡ ಅನ್ನುವವರು ಎಷ್ಟು ಜನ? ಏಡಿಗೂ ಹುಳಕ್ಕೂ ನೆಂಟಸ್ತಿಕೆ ಇದೆ. ಎರಡಕ್ಕೂ ಮೂಳೆ ಹೊರಗೆ, ಕಾಲು ಕೀಲುಕೀಲು. ಮಲೆನಾಡಿನವರು ಚಗಳಿ ಇರುವೆಯ ಚಟ್ನಿ ಅರೆಯುತ್ತಾರೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಕೆಂಪಿರುವೆ ಚಟ್ನಿಗೆ 2024ರ ಜನವರಿಯಲ್ಲಿ ಜಿಐ, ಅಂದರೆ ಇದು ಇಂಥ ಊರಿನದ್ದೇ ಅನ್ನುವ ಗುರುತು ಸಿಕ್ಕಿತು, ನಮ್ಮ ಮೈಸೂರು ಮಲ್ಲಿಗೆಗೆ, ಮೈಸೂರು ರೇಷ್ಮೆಗೆ ಇರುವಂಥದ್ದೇ ಗುರುತು. ನಾಟಿಕೋಳಿಗೆ ಫಾರಂ ಕೋಳಿಗಿಂತ ರೇಟು ಯಾಕೆ ಜಾಸ್ತಿ ಹೇಳಿ? ತಿಪ್ಪೆ ಕೆದರಿ ಹುಳ ತಿನ್ನುತ್ತದೆ ಅಂತ. ಹುಳದ ರುಚಿಗೆ ನಾವು ಆಗಲೇ ದುಡ್ಡು ಕೊಡುತ್ತಿದ್ದೇವೆ, ನಡುವೆ ಕೋಳಿ ಇದೆ ಅಷ್ಟೇ.

ಇಷ್ಟೆಲ್ಲ ಹೇಳಿದರೂ ನನ್ನದೊಂದು ಹಟ ಇದೆ. ಕದ್ದು ತಿನ್ನಿಸಬಾರದು. ಬಿಸ್ಕತ್ತಿನಲ್ಲಿ, ಹೆಲ್ತ್ ಮಿಕ್ಸ್‌ನಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಬೆರೆಸುವ ಕೆಲಸ ಬೇಡ. ನಮ್ಮ ರಾಜ್ಯದಲ್ಲಿ ಶಾಲೆಯ ಮೊಟ್ಟೆಗೇ ಎಷ್ಟು ರಾದ್ಧಾಂತ ಆಯಿತು ನೋಡಿದ್ದೀರಿ. ಮಾಂಸಾಹಾರದ ಕಂದು ಗುರುತು ದೊಡ್ಡದಾಗಿರಲಿ, ಹುಳದ ಹೆಸರು ಕನ್ನಡದಲ್ಲಿ ಇರಲಿ. ತಿನ್ನದವರಿಗೆ ತಿನ್ನದೆ ಇರುವ ಹಕ್ಕು ಇರಲಿ. ಇನ್ನೂ ಒಂದು. ಬಡವರ ಮಕ್ಕಳ ಅಂಗನವಾಡಿಯಲ್ಲಿ ಇದನ್ನು ಶುರು ಮಾಡಬೇಡಿ. ಅಪೌಷ್ಟಿಕತೆ ಅಂತ ಹೆಸರು ಹೇಳಿ ಹೊಸದನ್ನೆಲ್ಲ ಮೊದಲು ಬಡವರ ತಟ್ಟೆಗೆ ಬಡಿಸುವ ಚಾಳಿ ನಮ್ಮಲ್ಲಿದೆ. ಮೊದಲು ದುಡ್ಡಿರುವವರು ತಿನ್ನಲಿ. ಜಿಮ್‌ಗೆ ಹೋಗುವ ಹುಡುಗರು ಡಬ್ಬಿಗೆ ಸಾವಿರಾರು ರೂಪಾಯಿ ಕೊಟ್ಟು ಪ್ರೋಟೀನ್ ಪುಡಿ ಕೊಳ್ಳುತ್ತಾರೆ, ಅವರಿಂದ ಶುರುವಾಗಲಿ. ದಸರಾ ಆಹಾರ ಮೇಳದಲ್ಲಿ ಬಂಬೂ ಬಿರಿಯಾನಿಗೆ ಜನ ಸಾಲು ನಿಲ್ಲುತ್ತಾರಲ್ಲ, ಅದರ ಪಕ್ಕ ಒಂದು ಮಳಿಗೆ ಇರಲಿ. ಬೇಕಾದವರು ಬರುತ್ತಾರೆ.

ಅದಕ್ಕಿಂತ ಮುಂಚೆ ಆಗಬೇಕಾದ ಕೆಲಸ ಇದೆ, ಅದು ನನ್ನ ಕೈಯಲ್ಲಿ ಆಗುವಂಥದ್ದಲ್ಲ. ಸಿಗಡಿ, ಏಡಿ ತಿಂದರೆ ಮೈ ಕಡಿಯುವವರಿಗೆ ಹುಳದಿಂದಲೂ ಅಲರ್ಜಿ ಆಗಬಹುದು. ಪ್ಯೂಪ ತಿಂದು ಜೋರು ಅಲರ್ಜಿಯಾದವರು ಚೀನಾದಲ್ಲಿ ಇದ್ದಾರೆ. ಇದು ಡಬ್ಬಿಯ ಮೇಲೆ ಬರೆಯಲೇಬೇಕಾದ ಮಾತು. ಇನ್ನು ಔಷಧಿಯ ವಿಷಯ. ಒಂದು ಲೆಕ್ಕದಲ್ಲಿ ರೇಷ್ಮೆ ಹುಳುವಿನಷ್ಟು ಪ್ರಾಮಾಣಿಕ ಪ್ರಾಣಿ ಇಲ್ಲ. ಪಕ್ಕದ ಹೊಲದಲ್ಲಿ ಕೀಟನಾಶಕ ಹೊಡೆದು ಗಾಳಿಗೆ ಸೊಪ್ಪಿನ ಮೇಲೆ ಬಿದ್ದರೂ ಸಾಕು, ತಿಂದ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಹಾಗಾಗಿ ಗೂಡು ಕಟ್ಟಿದ ಹುಳು ಹೆಚ್ಚುಕಡಿಮೆ ಶುದ್ಧ ಸೊಪ್ಪು ತಿಂದಿದ್ದೇ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ನಾವೇ ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವೆ, ಸುಣ್ಣ ಹಾಕುತ್ತೇವೆ, ಹಾಲುತೊಂಡೆ ರೋಗ ಬರದಿರಲಿ ಅಂತ ಹುಳುವಿನ ಹಾಸಿಗೆ ಮೇಲೆ ವಿಜೇತ ಅನ್ನುವ ಸೋಂಕು ತಡೆಯುವ ಪುಡಿ ಧೂಳಿಸುತ್ತೇವೆ. ನೂಲು ಬಿಚ್ಚುವ ನೀರಿಗೆ ಏನೇನು ಬೆರೆಸುತ್ತಾರೋ ಅದು ಬೇರೆ. ಇವೆಲ್ಲ ನೂಲಿಗೆ ತೊಂದರೆಯಿಲ್ಲ. ಹೊಟ್ಟೆಗೆ? ಇದನ್ನು ಪರೀಕ್ಷೆ ಮಾಡಿದವರು ಬಂದು ನಮ್ಮ ಜಗಲಿಯಲ್ಲಿ ಕೂತು, ಇದು ಆಗುತ್ತೆ, ಇದು ಆಗಲ್ಲ ಅಂತ ಹೇಳಬೇಕು. "ಅಂದುಕೊಳ್ಳುತ್ತೇವೆ" ಅನ್ನುವ ಮಾತಿನ ಮೇಲೆ ಯಾರ ಮಗುವಿಗೂ ತಿನ್ನಿಸಲಾಗದು.

ಅದಕ್ಕೆ ಬೇಕಾದವರು ಎಲ್ಲಿದ್ದಾರೆ ಅಂದರೆ, ಹೆಚ್ಚಿನವರು ಮೈಸೂರಿನಲ್ಲೇ ಇದ್ದಾರೆ! ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಎಮ್ಮೆ ಹಾಲಿನಿಂದ ಹಸುಗೂಸಿನ ಆಹಾರ ಮಾಡಬಹುದು ಅಂತ ದಾರಿ ತೋರಿಸಿದವರು ಅವರು. ಪಾಚಿ ಜಾತಿಯ ಸ್ಪಿರುಲಿನಾವನ್ನು ಚಿಕ್ಕಿಯಲ್ಲಿ ಬೆರೆಸಿ ಬಾಯಿಗೆ ರುಚಿಸುವ ಹಾಗೆ ಮಾಡಿದವರೂ ಅವರೇ. ಪಾಚಿಯನ್ನೇ ಒಗ್ಗಿಸಿದವರಿಗೆ ಪ್ಯೂಪ ಯಾವ ಲೆಕ್ಕ? ಅದೇ ಊರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಇದೆ. ನಮ್ಮ ತೋಟದ ವಿ-1 ತಳಿಯ ಹಿಪ್ಪುನೇರಳೆ ಕಡ್ಡಿ ಅವರದ್ದು, ಮೇಲೆ ಹೇಳಿದ ವಿಜೇತ ಪುಡಿಯೂ ಅವರದ್ದೇ. ಸೈನಿಕರ ಊಟದ ಸಂಶೋಧನೆ ಮಾಡುವ ಡಿಎಫ್‌ಆರ್‌ಎಲ್ ಕೂಡ ಅಲ್ಲೇ. ಇತ್ತ ಮಂಡ್ಯದಲ್ಲಿ ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇದೆ. ಹುಳು ಬಲ್ಲವರು, ಊಟ ಬಲ್ಲವರು, ರೈತರನ್ನು ಬಲ್ಲವರು, ಮೂವರೂ ಒಂದು ಬಸ್ಸಿನ ದೂರದಲ್ಲಿದ್ದಾರೆ. ಪ್ಯೂಪದ ಮೇಲೆ ಸಂಶೋಧನೆ ಸಾಕಷ್ಟು ಆಗಿದೆ. ನಮಗೆ ಬೇಕಿರುವುದು ಅದರ ಸಾರ, ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ. ಎಷ್ಟು ಗಂಟೆಯೊಳಗೆ ಒಣಗಿಸಬೇಕು, ಕೋಳಿಗೆ ನೂರಕ್ಕೆ ಎಷ್ಟು, ಮೀನಿಗೆ ಎಷ್ಟು, ಎಷ್ಟು ದಿನ ಇಟ್ಟರೆ ಕಮಟಾಗುತ್ತದೆ. ಅಷ್ಟೇ. ಇವರನ್ನೆಲ್ಲ ಒಂದು ದಿನ ಒಂದು ಕೋಣೆಯಲ್ಲಿ ಕೂರಿಸುವ ಅಧಿಕಾರ ನಿಮಗೆ ಇದೆ, ನನಗಿಲ್ಲ.

ಕಾಯ್ದೆಯ ಬಾಗಿಲು ಪೂರ್ತಿ ಮುಚ್ಚಿಲ್ಲ ಅಂತಲೂ ಗೊತ್ತು. ಪಟ್ಟಿಯಲ್ಲಿ ಇಲ್ಲದ ಆಹಾರಕ್ಕೆ ಒಪ್ಪಿಗೆ ಕೇಳಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2017ರಲ್ಲೇ ನಿಯಮ ಮಾಡಿದೆ. ಆದರೆ ಆ ಅರ್ಜಿ ತುಂಬಲು ಪ್ರಯೋಗಾಲಯದ ವರದಿ ಬೇಕು, ವಿಷ ಇಲ್ಲ ಅನ್ನುವ ಪುರಾವೆ ಬೇಕು. ಎರಡು ಎಕರೆ ತೋಟದವಳು ಅದನ್ನು ಎಲ್ಲಿಂದ ತರಲಿ? ರೇಷ್ಮೆ ಪ್ಯೂಪಕ್ಕೋಸ್ಕರ ಸರ್ಕಾರವೇ ಒಂದು ಸಲ ಅರ್ಜಿ ಹಾಕಿ ದಾರಿ ಸವೆಸಿದರೆ ಹಿಂದಿನಿಂದ ನಾವು ಬರುತ್ತೇವೆ. ಊಟದ ಒಪ್ಪಿಗೆ ಬರಲು ವರ್ಷಗಳಾಗಬಹುದು, ಆಗಲಿ. ಮೇವಿನ ಕೆಲಸಕ್ಕೆ ಅಷ್ಟು ಕಾಯಬೇಕಿಲ್ಲ. ಕರಾವಳಿಯಲ್ಲಿ ಬೂತಾಯಿ ಮೀನನ್ನು ಅರೆದು ಮೀನುಪುಡಿ ಮಾಡಿ ಕೋಳಿಗೂ ಸಾಕುಮೀನಿಗೂ ಹಾಕುತ್ತಾರೆ. ಮನುಷ್ಯರು ತಿನ್ನುವ ಮೀನು ಅದು. ಅದರ ಬದಲು ನಮ್ಮ ಹಿತ್ತಲಲ್ಲಿ ನಾರುತ್ತಿರುವುದನ್ನು ಹಾಕಬಹುದು, ಅಲ್ವಾ?

ನನ್ನ ಕೋರಿಕೆ ದೊಡ್ಡದೇನಲ್ಲ. ಎಕರೆಗಟ್ಟಲೆ ಕೀಟ ಪಾರ್ಕ್ ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ. ನೂಲು ಬಿಚ್ಚುವ ಘಟಕಗಳು ಹತ್ತಿರ ಹತ್ತಿರ ಇರುವ ಒಂದು ಕಡೆ ಪ್ಯೂಪ ಒಣಗಿಸುವ ಒಂದು ಯಂತ್ರ, ಎಣ್ಣೆ ಹಿಂಡುವ ಒಂದು ಗಾಣ. ಅದನ್ನು ನಡೆಸಲು ಒಂದು ಸ್ತ್ರೀಶಕ್ತಿ ಸಂಘ. ಪ್ಯೂಪದಿಂದ ರೀಲರ್‌ಗೆ ನಾಲ್ಕು ಕಾಸು ಜಾಸ್ತಿ ಬಂದರೆ ಗೂಡಿನ ಹರಾಜಿನಲ್ಲಿ ನಮಗೂ ಜಾಸ್ತಿ ಕೂಗುತ್ತಾರೆ ಅಂತ ಕೆಲವರು ಹೇಳುತ್ತಾರೆ. ತಾನಾಗಿ ಕೂಗುತ್ತಾರೆ ಅಂತ ನಂಬುವಷ್ಟು ಎಳಸು ನಾನಲ್ಲ. ಅದಕ್ಕೇ ಆ ಘಟಕದಲ್ಲಿ ಬೆಳೆಗಾರರಿಗೂ ಪಾಲು ಇರಬೇಕು ಅನ್ನುವುದು. ಮತ್ತೆ ತಾಲ್ಲೂಕಿಗೆ ಒಂದು ಕುರ್ಚಿ. ಹುಳು ಸಾಕಿ ಮೇವೋ ಊಟವೋ ಮಾಡುವವರು ಈ ಕುರ್ಚಿಯ ಮುಂದೆ ಬಂದು ಕೇಳಬಹುದು ಅಂತ ಒಂದು ಬೋರ್ಡು. ಕೂತವರಿಗೆ ಉತ್ತರ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನಮ್ಮದಲ್ಲ ಅಂತ ಅನ್ನದಿದ್ದರೆ ಸಾಕು.

ಕೊನೆಗೊಂದು ಮಾತು, ನಮ್ಮ ಅತ್ತೆಯದ್ದು. ಅವರಿಗೆ ಎಂಬತ್ತು ದಾಟಿದೆ. ಹುಳುವನ್ನು ಕುದಿಯುವ ನೀರಿಗೆ ಹಾಕುವ ಮಾತು ಬಂದರೆ ಈಗಲೂ ಕೈ ಮುಗಿಯುತ್ತಾರೆ. ಗೂಡು ಬಿಡಿಸುವ ದಿನ ಮೊದಲ ಗೂಡನ್ನು ದೇವರ ಮುಂದೆ ಇಡುತ್ತಾರೆ. ಪ್ಯೂಪ ಒಣಗಿಸಿ ಕೋಳಿಗೆ ಹಾಕುತ್ತೇವೆ ಅಂದಾಗ ಬೈಯುತ್ತಾರೆ ಅಂತ ಹೆದರಿದ್ದೆ. ಅವರು ಸುಮ್ಮನೆ ಕೇಳಿ, "ಕೊಂದಿದ್ದಂತೂ ಆಯ್ತು, ಬಿಸಾಕಿದ ಪಾಪ ಯಾಕ್ ಮ್ಯಾಲೆ ಎಳ್ಕೋತೀರಿ" ಅಂದು ಎಲೆಅಡಿಕೆ ಹಾಕಿಕೊಂಡರು.

ನಮ್ಮ ಹುಳು ಈಗ ಮೂರನೇ ಜ್ವರ ಎದ್ದಿವೆ. ಇನ್ನು ಹತ್ತು-ಹನ್ನೆರಡು ದಿನದಲ್ಲಿ ಹಣ್ಣಾಗಿ ಚಂದ್ರಿಕೆ ಹತ್ತುತ್ತವೆ, ಅದಾಗಿ ವಾರದೊಳಗೆ ಗೂಡು ಬಿಡಿಸುತ್ತೇವೆ. ಆ ದಿನ ನೀವು ಈ ಕಡೆ ಬಂದರೆ ಗೂಡು ಕತ್ತರಿಸಿ, ಚಿಪ್ಪು ಬೇರೆ ಹುಳ ಬೇರೆ ತೂಗಿ ನಿಮ್ಮ ಕೈಗೇ ಕೊಡುತ್ತೇನೆ. ಮಧ್ಯಾಹ್ನಕ್ಕೆ ರಾಗಿಮುದ್ದೆ, ನಾಟಿಕೋಳಿ ಸಾರು. ಆ ಕೋಳಿ ಏನು ತಿಂದು ಬೆಳೆದಿದ್ದು ಅಂತ ಎಲೆ ಹಾಕುವ ಮೊದಲೇ ಹೇಳುತ್ತೇನೆ. ಬೇಡ ಅಂದರೆ ಬಸ್ಸಾರು ಮಾಡಿಸಿರುತ್ತೇನೆ.

ಇಂತಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ರೇಷ್ಮೆ ಬೆಳೆಗಾರ್ತಿ